ವಿಳಾಸವಿಲ್ಲದ ಅಂಗಡಿಗೆ ಕಟ್ಟಿದ ತೆರಿಗೆ

ಮೂರು ದಶಕಗಳಿಗೂ ಹೆಚ್ಚು ಕಾಲ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ವರ್ತಕರ ಲೆಕ್ಕದ ಪುಸ್ತಕಗಳನ್ನು ತಿರುವಿ, ಅವುಗಳ ನಡುವೆ ಸೇರಿಕೊಂಡ ಖೊಟ್ಟಿ ಬಿಲ್ಲುಗಳನ್ನು ಹೆಕ್ಕಿ ತೆಗೆಯುವುದೇ ನನ್ನ ವೃತ್ತಿಯಾಗಿತ್ತು. ಅಂಥ ನಾನು ಕಳೆದ ವರ್ಷ ಒಂದು ಖೊಟ್ಟಿ ಬಿಲ್ಲಿಗೆ 2,360 ರೂಪಾಯಿ ತೆತ್ತು ಮೋಸಹೋದೆ. ಮೊತ್ತ ದೊಡ್ಡದೇನಲ್ಲ. ಆದರೆ ಅದರಲ್ಲಿ 2,000 ರೂಪಾಯಿ ವಸ್ತುವಿನ ಬೆಲೆ, 360 ರೂಪಾಯಿ ಶೇ 18ರ ದರದಲ್ಲಿ ಜಿಎಸ್‌ಟಿ ಎಂದು ಅಚ್ಚುಕಟ್ಟಾಗಿ ನಮೂದಾಗಿತ್ತು. ಸರ್ಕಾರದ ಹೆಸರು ಹೇಳಿ ಪಡೆದ ಆ 360 ರೂಪಾಯಿ ಸರ್ಕಾರವನ್ನು ತಲುಪಲೇ ಇಲ್ಲ. ಜೀವಮಾನವಿಡೀ ತೆರಿಗೆ ವಸೂಲು ಮಾಡಿದವನು ಕೊನೆಗೆ ಕಳ್ಳನಿಗೆ ತೆರಿಗೆ ಕಟ್ಟಿದ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ನಡೆದದ್ದು ಇಷ್ಟು. ಮನೆಯ ಹಳೆಯ ಮಿಕ್ಸರ್ ಕೆಟ್ಟಿತ್ತು. ಮೊಬೈಲ್ ಫೋನಿನಲ್ಲಿ ಜಾಹೀರಾತೊಂದು ಕಣ್ಣಿಗೆ ಬಿತ್ತು. 6,490 ರೂಪಾಯಿಯ ಮಿಕ್ಸರ್, ಗೋದಾಮು ಖಾಲಿ ಮಾಡುವ ಸಲುವಾಗಿ, ತೆರಿಗೆಯೂ ಸೇರಿ 2,360ಕ್ಕೆ. ಜಾಲತಾಣದ ಅಡಿಯಲ್ಲಿ ಬೆಂಗಳೂರಿನ ಪೀಣ್ಯದ ವಿಳಾಸವಿತ್ತು, ಜಿಎಸ್‌ಟಿ ನೋಂದಣಿ ಸಂಖ್ಯೆಯೂ ಇತ್ತು. ಯುಪಿಐ ಮೂಲಕ ಹಣ ಕಳುಹಿಸಿದೆ. ಒಂಬತ್ತು ದಿನಗಳ ನಂತರ ಪೊಟ್ಟಣ ಬಂತು. ಒಳಗಿದ್ದುದು ದಾರ ಎಳೆದು ಈರುಳ್ಳಿ ಹೆಚ್ಚುವ ಪ್ಲಾಸ್ಟಿಕ್ ಡಬ್ಬಿ. ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದ ಕತೆ.

ಅಲ್ಲಿಗೇ ಮುಗಿಯಲಿಲ್ಲ. ಜಾಲತಾಣದಲ್ಲಿದ್ದ ಸಂಖ್ಯೆಗೆ ದೂರವಾಣಿ ಮಾಡಿದಾಗ ವಿನಯಶೀಲ ಯುವಕನೊಬ್ಬ ಕ್ಷಮೆ ಕೋರಿ, ಹಣ ಹಿಂದಿರುಗಿಸುವುದಾಗಿ ಹೇಳಿ, ಒಂದು ಕ್ಯೂಆರ್ ಕೋಡ್ ಕಳುಹಿಸಿದ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನನ್ನ ಖಾತೆಗೆ ಜಮಾ ಆಗುತ್ತದೆಂಬುದು ಅವನ ವಾದ. ನಾನು ಬೆರಳನ್ನು ಪರದೆಯ ಬಳಿಗೆ ಒಯ್ದಿದ್ದೆ. ಪಕ್ಕದಲ್ಲಿದ್ದ ನನ್ನ ಪತ್ನಿ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, 'ದುಡ್ಡು ನಮಗೆ ಬರೋದಕ್ಕೆ ನಾವ್ಯಾಕ್ರೀ ಪಿನ್ ಒತ್ತಬೇಕು?' ಎಂದು ಕೇಳಿದರು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಗೆ ಹೊಳೆಯದ ಪ್ರಶ್ನೆ ಅದು. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಅವರು ತಡೆಯದಿದ್ದರೆ ಪಿಂಚಣಿ ಖಾತೆಯಿಂದ ಇನ್ನೆಷ್ಟು ಹೋಗುತ್ತಿತ್ತೋ.

ಮರುದಿನ ಮೆಟ್ರೊ ಹಿಡಿದು ಪೀಣ್ಯಕ್ಕೆ ಹೋದೆ. ಆ ಸಂಖ್ಯೆಯ ಶೆಡ್ಡಿನಲ್ಲಿ ಪೌಡರ್ ಕೋಟಿಂಗ್ ಕೆಲಸ ನಡೆದಿತ್ತು. ಮಾಲೀಕರು ನನ್ನನ್ನು ಕೂರಿಸಿ ನೀರು ಕೊಟ್ಟು, 'ನಿಮ್ಮ ಹಾಗೇ ಇನ್ನೂ ಮೂರು ಜನ ಮಿಕ್ಸಿ ಕೇಳ್ಕೊಂಡು ಬಂದಿದ್ರು ಸಾರ್' ಎಂದರು. ಮನೆಗೆ ಬಂದು ಜಿಎಸ್‌ಟಿ ಜಾಲತಾಣದಲ್ಲಿ ಆ ನೋಂದಣಿ ಸಂಖ್ಯೆಯನ್ನು ಹುಡುಕಿದೆ. ಅದು ದೆಹಲಿಯ ಕಟ್ಟಡ ಸಾಮಗ್ರಿ ವರ್ತಕರೊಬ್ಬರದು. ತಮ್ಮ ಸಂಖ್ಯೆ ಬೆಂಗಳೂರಿನ ಮಿಕ್ಸರ್ ಮಾರುತ್ತಿರುವ ಸುಳಿವು ಅವರಿಗೂ ಇದ್ದಿರಲಾರದು.

ನನ್ನನ್ನು ಹೆಚ್ಚು ಕಾಡಿದ್ದು ಕಳೆದುಕೊಂಡ ಹಣವಲ್ಲ. ಮೋಸದ ಗುರುತುಗಳೆಲ್ಲ ಹಣ ಕಟ್ಟುವ ಮುನ್ನವೇ ಕಣ್ಣ ಮುಂದಿದ್ದವು. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲೆರಡು ಅಂಕಿಗಳು ರಾಜ್ಯದ ಗುರುತು. ಕರ್ನಾಟಕಕ್ಕೆ 29, ದೆಹಲಿಗೆ 07. ನಂತರದ ಹತ್ತು ಸ್ಥಾನಗಳಲ್ಲಿ ವರ್ತಕರ ಪ್ಯಾನ್ ಸಂಖ್ಯೆ ಇರುತ್ತದೆ. ಪೀಣ್ಯದ ವಿಳಾಸ ಕೊಟ್ಟವನ ಸಂಖ್ಯೆ 07ರಿಂದ ಆರಂಭವಾಗಿತ್ತು. ಎರಡನೆಯದಾಗಿ, ದೆಹಲಿಯ ನೋಂದಣಿಯಡಿ ಬೆಂಗಳೂರಿನ ಗ್ರಾಹಕನಿಗೆ ಮಾರಿದರೆ ಅದು ಅಂತರರಾಜ್ಯ ಮಾರಾಟ. ಪೂರ್ತಿ 360 ರೂಪಾಯಿ 'ಐಜಿಎಸ್‌ಟಿ' ಎಂಬ ಒಂದೇ ಸಾಲಿನಲ್ಲಿ ಇರಬೇಕಿತ್ತು. ನನಗೆ ತೋರಿಸಿದ ಲೆಕ್ಕದಲ್ಲಿ ಕೇಂದ್ರಕ್ಕೆ 180, ರಾಜ್ಯಕ್ಕೆ 180 ಎಂದು ಎರಡು ಸಾಲುಗಳಿದ್ದವು. ಮೂರನೆಯದಾಗಿ, ಹಣ ಕಳುಹಿಸುವಾಗ ಪರದೆಯ ಮೇಲೆ ಸಂಸ್ಥೆಯ ಹೆಸರಿಗೆ ಬದಲು ಯಾರೋ ವ್ಯಕ್ತಿಯ ಹೆಸರು ಮೂಡಿತ್ತು. ಇಲಾಖೆಗೆ ಹೊಸದಾಗಿ ಸೇರಿದ ಗುಮಾಸ್ತನೂ ಹಿಡಿಯಬಹುದಾದ ತಪ್ಪುಗಳಿವು. ಕಚೇರಿಯಲ್ಲಿ ಕುಳಿತಾಗ ಇದ್ದ ಕಣ್ಣು ಕೊಳ್ಳುವವನಾಗಿ ಕುಳಿತಾಗ ನನಗೆ ಇರಲಿಲ್ಲ. ಹಾಗಿದ್ದ ಮೇಲೆ ತೆರಿಗೆಯ ಪರಿಭಾಷೆಯನ್ನೇ ಅರಿಯದ ಸಾಮಾನ್ಯ ಗ್ರಾಹಕನ ಪಾಡೇನು?

ಇಲ್ಲಿ ಸ್ವಲ್ಪ ಹಿನ್ನೆಲೆ ಅಗತ್ಯ. ಮಾರಾಟ ತೆರಿಗೆ ಎಂಬುದು ಮೂಲತಃ ವಿಳಾಸವನ್ನು ನಂಬಿ ನಿಂತ ತೆರಿಗೆ. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯಾಗಲಿ, 2005ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ಬಂದ ಮೌಲ್ಯವರ್ಧಿತ ತೆರಿಗೆಯಾಗಲಿ, ಅಂಗಡಿಗೆ ಒಂದು ಬಾಗಿಲು, ಬಾಗಿಲಿಗೊಂದು ಫಲಕ, ಒಳಗೊಬ್ಬ ಮಾಲೀಕ ಇದ್ದಾನೆಂದು ಭಾವಿಸಿಕೊಂಡಿದ್ದವು. ನಾನು ಸೇವೆಗೆ ಸೇರಿದ ದಿನಗಳಲ್ಲಿ ಚಿಕ್ಕಪೇಟೆಯ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: 'ಬಿಲ್ ಬೇಕಾ, ಬೇಡವಾ?' ಬೇಡವೆಂದರೆ ಬೆಲೆ ಇಳಿಯುತ್ತಿತ್ತು. ಬಿಲ್ ಪಡೆಯದ ಗ್ರಾಹಕನಿಗೆ ನಷ್ಟವೇನೂ ಕಾಣುತ್ತಿರಲಿಲ್ಲ. ಏಕೆಂದರೆ ಅಂಗಡಿ ಅಲ್ಲೇ ಇರುತ್ತಿತ್ತು. ಸೀರೆಯ ಬಣ್ಣ ಬಿಟ್ಟರೆ ಮರುವಾರ ಹೋಗಿ ಜಗಳವಾಡಬಹುದಿತ್ತು. ಬಿಲ್ಲು ಮಾಡಬೇಕಾದ ಕೆಲಸವನ್ನು ಅಂಗಡಿಯ ಗೋಡೆಯೇ ಮಾಡುತ್ತಿತ್ತು.

ಅಂತರ್ಜಾಲ ಆ ಗೋಡೆಯನ್ನು ಕೆಡವಿತು. ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ. 1999ರಲ್ಲಿ ಫ್ಯಾಬ್‌ಮಾರ್ಟ್, 2007ರಲ್ಲಿ ಪುಸ್ತಕ ಮಾರುವ ಮೂಲಕ ಫ್ಲಿಪ್‌ಕಾರ್ಟ್ ಆರಂಭವಾದದ್ದು ಈ ನಗರದಲ್ಲೇ. ಕಾಣದ ಅಂಗಡಿಯನ್ನು ನಂಬಲು ಹಿಂಜರಿದ ಗ್ರಾಹಕರಿಗಾಗಿ 2010ರ ಸುಮಾರಿಗೆ, ವಸ್ತು ಮನೆಗೆ ಬಂದ ಮೇಲೆ ಹಣ ಕೊಡುವ ಪದ್ಧತಿ ಜಾರಿಗೆ ಬಂತು. ಭಾರತದ ಅಂತರ್ಜಾಲ ವ್ಯಾಪಾರ ಬೆಳೆದದ್ದು ಆ ನಂಬಿಕೆಯ ಊರುಗೋಲಿನ ಮೇಲೆ.

ತೆರಿಗೆ ಆಡಳಿತಕ್ಕೂ ಇದು ಒಗಟಾಯಿತು. ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ದೆಹಲಿಯ ವರ್ತಕ ಮೈಸೂರಿನ ಗ್ರಾಹಕನಿಗೆ ಮಾರಿದರೆ ತೆರಿಗೆ ದೆಹಲಿಗೆ ಸೇರುತ್ತಿತ್ತು. ಕೊಂಡವನ ರಾಜ್ಯಕ್ಕೆ ಬಿಡಿಗಾಸೂ ಇರಲಿಲ್ಲ. 2014ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಹಾಗೂ ಅಮೆಜಾನ್ ನಡುವೆ ಒಂದು ವಿವಾದ ಎದ್ದಿತು. ಕಂಪನಿಯ ಗೋದಾಮಿನಲ್ಲಿ ಬೇರೆ ವರ್ತಕರು ದಾಸ್ತಾನಿಟ್ಟ ಸರಕು ಮಾರಾಟವಾದಾಗ ತೆರಿಗೆ ಕಟ್ಟಬೇಕಾದವರು ವರ್ತಕರೋ, ಗೋದಾಮಿನವರೋ ಎಂಬುದು ಪ್ರಶ್ನೆ. ತಾವು ಸೇವೆ ಒದಗಿಸುವವರೇ ಹೊರತು ಮಾರುವವರಲ್ಲ ಎಂದು ಕಂಪನಿ ವಾದಿಸಿತು. ಆಗ ನಾನು ಸೇವೆಯಲ್ಲಿದ್ದೆ. ಆ ಕಡತ ನನ್ನ ಮೇಜಿಗೆ ಬಂದದ್ದಲ್ಲ, ಆದರೆ ಊಟದ ವೇಳೆಯಲ್ಲಿ ನಮ್ಮೆಲ್ಲರ ಚರ್ಚೆ ಅದೇ ಆಗಿತ್ತು. ಒಬ್ಬರ ಗೋದಾಮು, ಇನ್ನೊಬ್ಬರ ಸರಕು, ಮೂರನೆಯವರ ಜಾಲತಾಣ: 'ಅಂಗಡಿ' ಎಂಬ ಪದಕ್ಕೆ ಅರ್ಥವೇನು ಎಂದು ನಾವು ಕೇಳಿಕೊಳ್ಳುತ್ತಿದ್ದೆವು.

ಈ ತಲೆನೋವು ನಮಗಷ್ಟೇ ಇದ್ದುದಲ್ಲ. ಅಮೆರಿಕದಲ್ಲಿ 1992ರ ಕ್ವಿಲ್ ಪ್ರಕರಣದ ತೀರ್ಪಿನ ಪ್ರಕಾರ, ರಾಜ್ಯದೊಳಗೆ ಭೌತಿಕ ನೆಲೆ ಇಲ್ಲದ ವ್ಯಾಪಾರಿಯಿಂದ ಆ ರಾಜ್ಯ ಮಾರಾಟ ತೆರಿಗೆ ವಸೂಲಿ ಮಾಡಿಸುವಂತಿರಲಿಲ್ಲ. ಅಂಚೆ ಮೂಲಕ ಮಾರುವವರಿಗಾಗಿ ಬಂದ ಆ ನಿಯಮ ಅಂತರ್ಜಾಲದ ವ್ಯಾಪಾರಿಗಳಿಗೂ ಅನುಕೂಲವಾಯಿತು. ಸೌತ್ ಡಕೋಟ ರಾಜ್ಯ ಹೂಡಿದ ವೇಫೇರ್ ಪ್ರಕರಣದಲ್ಲಿ 2018ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಹಳೆಯ ತೀರ್ಪನ್ನು ಬದಿಗಿರಿಸಿತು. ಅಂಗಡಿಗೆ ಗೋಡೆ ಬೇಕಿಲ್ಲವೆಂದು ಒಪ್ಪಿಕೊಳ್ಳಲು ಆ ದೇಶಕ್ಕೆ 26 ವರ್ಷ ಬೇಕಾಯಿತು.

ನಾವು ಒಂದು ವರ್ಷ ಮೊದಲೇ ಒಪ್ಪಿಕೊಂಡಿದ್ದೆವು. 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಲ್ಲಿ ತೆರಿಗೆ ಸೇರುವುದು ವಸ್ತು ಬಳಕೆಯಾಗುವ ರಾಜ್ಯಕ್ಕೆ. ದೊಡ್ಡ ಮಾರಾಟ ವೇದಿಕೆಗಳು ತಮ್ಮಲ್ಲಿ ಮಾರುವ ವರ್ತಕರ ಹಣದಿಂದ ಒಂದು ಪಾಲನ್ನು ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕೆಂಬ ನಿಯಮ 2018ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಮೊದಲು ಶೇ 1ರಷ್ಟಿದ್ದ ಈ ಪಾಲು 2024ರ ಜುಲೈನಿಂದ ಶೇ 0.5ಕ್ಕೆ ಇಳಿದಿದೆ. ಮೊತ್ತ ಅಲ್ಪ. ಆದರೆ ಅದರ ಜೊತೆಗೆ ಸರ್ಕಾರಕ್ಕೆ ಸಿಗುವ ಮಾಹಿತಿ ಅಲ್ಪವಲ್ಲ. ಯಾವ ವೇದಿಕೆಯಲ್ಲಿ ಯಾರು ಎಷ್ಟು ಮಾರಿದರೆಂಬುದು ತಿಂಗಳು ತಿಂಗಳೂ ಲೆಕ್ಕಕ್ಕೆ ಸಿಗುತ್ತದೆ. ಅಂದರೆ, ಅಂತರ್ಜಾಲದ ಅಂಗಡಿಗೆ ಕಳೆದುಹೋಗಿದ್ದ ವಿಳಾಸವನ್ನು ತೆರಿಗೆ ಆಡಳಿತ ಮತ್ತೆ ಹುಡುಕಿಕೊಂಡಿದೆ.

ಪ್ರಶ್ನೆ ಇರುವುದು ಇಲ್ಲಿ. ತೆರಿಗೆಗಾಗಿ ಹುಡುಕಿಕೊಂಡ ಆ ವಿಳಾಸ ಮೋಸಹೋದ ಗ್ರಾಹಕನ ಕೈಗೆ ಏಕೆ ಸಿಗುತ್ತಿಲ್ಲ?

2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಹೋದವು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ನೋಟಿಸು ಕೊಟ್ಟದ್ದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ವಾರ್ಷಿಕ ವಹಿವಾಟು ಮಿತಿ ಮೀರಿದರೆ ನೋಂದಣಿ ಮಾಡಿಸಬೇಕೆಂಬುದು ಕಾನೂನು. ಆದರೆ ಆ ಪ್ರಕರಣ ಒಂದು ಸಂಗತಿಯನ್ನು ಸಾಬೀತುಪಡಿಸಿತು. ಬೀದಿ ಬದಿಯ ಅಂಗಡಿಯ ನಾಲ್ಕು ವರ್ಷಗಳ ಹಣದ ಹರಿವನ್ನು ಪತ್ತೆಹಚ್ಚುವ ಶಕ್ತಿ ಸರ್ಕಾರಕ್ಕಿದೆ. ಆದರೆ ನನ್ನ 2,360 ರೂಪಾಯಿಯ ಬೆನ್ನು ಹತ್ತಿದಾಗ, ಅದು ಹೋಗಿ ಸೇರಿದ್ದು ಯಾರೋ ಬಡಪಾಯಿಯ ಹೆಸರಿನಲ್ಲಿ ತೆರೆದ ಬಾಡಿಗೆ ಖಾತೆಗೆ, ಅಲ್ಲಿಂದ ಬೇರೆ ಖಾತೆಗಳಿಗೆ ಎಂಬ ಉತ್ತರಕ್ಕಿಂತ ಮುಂದೆ ದಾರಿ ತೆರೆಯಲಿಲ್ಲ. ಬಾಗಿಲು ತೆರೆದು ಕುಳಿತವನು ಸುಲಭವಾಗಿ ಸಿಗುತ್ತಾನೆ. ಬಾಗಿಲೇ ಇಲ್ಲದವನು ತಪ್ಪಿಸಿಕೊಳ್ಳುತ್ತಾನೆ. ಇದು ತೆರಿಗೆ ನೀತಿಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಜಾರಿಯಾದ ಇ-ವಾಣಿಜ್ಯ ನಿಯಮಗಳ ಪ್ರಕಾರ ಪ್ರತಿಯೊಂದು ಸಂಸ್ಥೆ ತನ್ನ ಕಾನೂನುಬದ್ಧ ಹೆಸರು, ವಿಳಾಸ, ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಪ್ರಕಟಿಸಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಇವೆಲ್ಲ ಒಳ್ಳೆಯ ನಿಯಮಗಳೇ. ಆದರೆ ಇವು ಎದುರಾಳಿ ಇದ್ದಾನೆಂದು ಭಾವಿಸುತ್ತವೆ. ನನ್ನ ದೂರಿನ 'ಎದುರುದಾರರು' ಎಂಬ ಅಂಕಣದಲ್ಲಿ ನಾನು ಯಾರ ಹೆಸರು ಬರೆಯಲಿ? ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನದೇ? ದೆಹಲಿಯ ಅಮಾಯಕ ವರ್ತಕರದೇ?

ಬ್ಯಾಂಕಿನ ಕಡೆಯಿಂದಲೂ ಇದೇ ಬಿಕ್ಕಟ್ಟು. ಗ್ರಾಹಕನ ಅರಿವಿಗೆ ಬಾರದೆ ಖಾತೆಯಿಂದ ಹಣ ಹೋದರೆ ಅವನ ಹೊಣೆಗಾರಿಕೆಗೆ ಮಿತಿ ಹಾಕುವ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿತು. ಆದರೆ ನಾನೇ ಪಿನ್ ಒತ್ತಿ ಕಳುಹಿಸಿದ ಹಣ ಆ ನಿಯಮಗಳ ನೆರಳಿಗೆ ಬರುವುದಿಲ್ಲ. 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿದ್ದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಇತ್ತು. ಆದರೆ ಪೊಟ್ಟಣ ಬರುವವರೆಗೆ ಮೋಸವಾಗಿದೆಯೆಂದು ತಿಳಿಯುವುದೇ ಇಲ್ಲವಲ್ಲ. ಒಂಬತ್ತು ದಿನಗಳ ಆ ಕಾಯುವಿಕೆಯೇ ವಂಚಕನ ಬಂಡವಾಳ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ನನ್ನ ದೂರು. ಹೀಗೆ ಮೋಸಹೋದವರ ಸಂಖ್ಯೆ ಚಿಕ್ಕದಲ್ಲ. ಎಲ್ಲ ಬಗೆಯ ಸೈಬರ್ ವಂಚನೆಗಳಿಂದ 2024ರಲ್ಲಿ ದೇಶದ ಜನ ಕಳೆದುಕೊಂಡ ಹಣ ಸುಮಾರು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್‌ಲಾಫ್ ಹೆಸರು ಪರಿಚಿತ. 2001ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡ ಈ ವಿದ್ವಾಂಸರು 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಎತ್ತಿಕೊಂಡರು. ವಸ್ತುವಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇಂಥಲ್ಲಿ ಕೊಳ್ಳುವವನು ಎಲ್ಲರನ್ನೂ ಅನುಮಾನಿಸಿ ಕಡಿಮೆ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ. ಒಳ್ಳೆಯ ಸರಕಿನವನು ಬೇಸತ್ತು ಹೊರನಡೆಯುತ್ತಾನೆ. ಕೆಟ್ಟ ಸರಕು ಉಳಿಯುತ್ತದೆ. ಅಂತರ್ಜಾಲದಲ್ಲಿ ಗೊತ್ತಿಲ್ಲದಿರುವುದು ಸರಕಿನ ಗುಣವಷ್ಟೇ ಅಲ್ಲ, ಮಾರುವವನ ಅಸ್ತಿತ್ವ ಕೂಡ. ಹೀಗಾಗಿ ವಂಚಕನಿಂದ ನಷ್ಟವಾಗುವುದು ನನಗೆ ಮಾತ್ರವಲ್ಲ. ಆ ಘಟನೆಯ ನಂತರ ಮಲೆನಾಡಿನ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಮಾಡಿ ಮೊಬೈಲ್ ಮೂಲಕ ಮಾರುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೊಳ್ಳಲು ನಾನು ಹಿಂಜರಿದೆ. ವಂಚಕನ ಪಾಪಕ್ಕೆ ದಂಡ ತೆತ್ತವಳು ಅವಳು.

ಹಾಗಾದರೆ ಮಾಡಬೇಕಾದುದೇನು? ನೋಂದಣಿ ಸಂಖ್ಯೆಯನ್ನು ತೆರಿಗೆ ಇಲಾಖೆಯ ಸಾಧನವೆಂದಷ್ಟೇ ನೋಡದೆ ಗ್ರಾಹಕನ ರಕ್ಷಣೆಯ ಸಾಧನವೆಂದೂ ನೋಡಬೇಕು. ಮೊದಲನೆಯದಾಗಿ, ಹಣ ಪಡೆದು ಮಾರಾಟದ ಜಾಹೀರಾತು ಪ್ರಕಟಿಸುವ ಜಾಲತಾಣಗಳು ಜಾಹೀರಾತುದಾರನ ನೋಂದಣಿ ಸಂಖ್ಯೆಯನ್ನು ಸರ್ಕಾರದ ದಾಖಲೆಯೊಂದಿಗೆ ತಾಳೆ ನೋಡಿದ ನಂತರವೇ ಪ್ರಕಟಿಸುವಂತಾಗಬೇಕು. ಎರಡನೆಯದಾಗಿ, ವ್ಯಾಪಾರದ ಪಾವತಿ ಸ್ವೀಕರಿಸುವ ಯುಪಿಐ ಖಾತೆಗೆ ನೋಂದಣಿ ಸಂಖ್ಯೆಯನ್ನು ಜೋಡಿಸಿ, ಹಣ ಕಟ್ಟುವ ಮುನ್ನ ನೋಂದಾಯಿತ ಹೆಸರು ಮತ್ತು ಊರು ಗ್ರಾಹಕನ ಪರದೆಯ ಮೇಲೆ, ಅವನ ಭಾಷೆಯಲ್ಲೇ ಮೂಡಬೇಕು. ಮೂರನೆಯದಾಗಿ, ಗ್ರಾಹಕರ ದೂರುಗಳನ್ನು ನೋಂದಣಿ ಸಂಖ್ಯೆಯ ಆಧಾರದ ಮೇಲೆ ಒಟ್ಟುಗೂಡಿಸಿ ತೆರಿಗೆ, ಗ್ರಾಹಕ ವ್ಯವಹಾರ ಮತ್ತು ಪೊಲೀಸ್ ಇಲಾಖೆಗಳು ಹಂಚಿಕೊಳ್ಳಬೇಕು. ಒಂದೇ ಸಂಖ್ಯೆಯ ಮೇಲೆ ನಾಲ್ಕು ಊರುಗಳಿಂದ ದೂರು ಬಂದಾಗಲಾದರೂ ಎಚ್ಚರದ ಗಂಟೆ ಬಾರಿಸಬೇಕು.

ಸಣ್ಣವರಿಗೆ ಇದು ಹೊರೆಯಾಗದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಅಂತರ್ಜಾಲ ವೇದಿಕೆಗಳಲ್ಲಿ ಮಾರುವವರಿಗೆ ಮಾತ್ರ ಈ ವಿನಾಯಿತಿ ಇರಲಿಲ್ಲ. 2023ರ ಅಕ್ಟೋಬರ್‌ನಿಂದ, ರಾಜ್ಯದೊಳಗೆ ಮಾರುವ ಸಣ್ಣವರು ಪೂರ್ಣ ನೋಂದಣಿಯಿಲ್ಲದೆ ಒಂದು ಗುರುತಿನ ಸಂಖ್ಯೆಯನ್ನಷ್ಟೇ ಪಡೆದು ವೇದಿಕೆಗಳಲ್ಲಿ ಮಾರಬಹುದಾಗಿದೆ. ಉಪ್ಪಿನಕಾಯಿಯ ಹೆಣ್ಣುಮಗಳಿಗೂ ಅಂಥದೊಂದು ಸಂಖ್ಯೆ ಸುಲಭವಾಗಿ ಸಿಗುವಂತಾಗಲಿ. ಅವಳಿಗೆ ಬೇಕಾದುದು ತೆರಿಗೆಯ ಕಡತವಲ್ಲ, 'ನಾನು ಇದ್ದೇನೆ' ಎಂದು ಹೇಳುವ ಗುರುತು.

ನೋಂದಣಿ ಸಂಖ್ಯೆಯೇ ಖೊಟ್ಟಿಯಾಗಿದ್ದರೆ? ಈ ಅನುಮಾನವೂ ಸಹಜ. ಖೊಟ್ಟಿ ನೋಂದಣಿಗಳ ವಿರುದ್ಧ 2023 ಮತ್ತು 2024ರಲ್ಲಿ ದೇಶವ್ಯಾಪಿ ವಿಶೇಷ ಕಾರ್ಯಾಚರಣೆಗಳು ನಡೆದದ್ದೇ ಈ ರೋಗದ ಆಳಕ್ಕೆ ಸಾಕ್ಷಿ. ಆದ್ದರಿಂದ ಸಂಖ್ಯೆಯೊಂದೇ ನಂಬಿಕೆಗೆ ಸಾಲದು. ಆದರೆ ಪರಿಶೀಲಿಸಬಹುದಾದ ಸುಳ್ಳು ಪರಿಶೀಲಿಸಲಾಗದ ಸುಳ್ಳಿಗಿಂತ ಬೇಗ ಸಿಕ್ಕಿಬೀಳುತ್ತದೆ ಎಂಬುದು ಇಲಾಖೆಯಲ್ಲಿ ನಾನು ಕಲಿತ ಪಾಠ.

ಕೊನೆಯದಾಗಿ ನಮ್ಮ ಪಾಲು. 'ಬಿಲ್ ಬೇಡ' ಎಂದು ಹೇಳಿ ನಾಲ್ಕು ಕಾಸು ಉಳಿಸುವ ಅಭ್ಯಾಸ ನಮ್ಮ ಮಧ್ಯಮ ವರ್ಗಕ್ಕೆ ಹಳೆಯದು. ತೆರಿಗೆ ತಪ್ಪಿಸುವವನಿಗೂ ವಂಚಕನಿಗೂ ಬೇಕಾದುದು ಒಂದೇ: ವಿಳಾಸ ಕೇಳದ ಗಿರಾಕಿ. ಬಿಲ್ಲನ್ನು ಸರ್ಕಾರಕ್ಕಾಗಿ ಕೇಳುವ ಮನಸ್ಸಿಲ್ಲದಿದ್ದರೆ ಬೇಡ, ನಮಗಾಗಿ ಕೇಳೋಣ. ಹಣ ಕಟ್ಟುವ ಮುನ್ನ ಜಿಎಸ್‌ಟಿ ಜಾಲತಾಣದಲ್ಲಿ ಆ 15 ಅಕ್ಷರಗಳನ್ನು ಹುಡುಕಲು ಎರಡು ನಿಮಿಷ ಸಾಕು. ಶುಲ್ಕವಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಮೋಸವಾಗಿದ್ದರೆ ನಾಚದೆ 1930ಕ್ಕೆ ಕರೆ ಮಾಡಿ. ವಸ್ತುವಿನ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಿವೃತ್ತ ಅಧಿಕಾರಿ ಮೋಸಹೋದನೆಂದು ಜನ ನಗಬಹುದೆಂಬ ಅಂಜಿಕೆಯಿಂದ ನಾನು ಪೊಟ್ಟಣ ಬಂದ ಮೇಲೂ ಎರಡು ದಿನ ಸುಮ್ಮನಿದ್ದೆ. ಆ ಮೌನವೂ ವಂಚಕನಿಗೆ ಲಾಭವೇ.

ಹೊಸ ಮಿಕ್ಸರ್ ಕೊನೆಗೆ ಬಂದದ್ದು ನಮ್ಮ ಬಡಾವಣೆಯ ಮುಖ್ಯರಸ್ತೆಯ ಅಂಗಡಿಯಿಂದ. ಅಂಗಡಿಯವರು ರೂಢಿಯಂತೆ ಕೇಳಿದರು, 'ಬಿಲ್ ಬೇಕಾ ಸಾರ್?' ನಾನು ಬಾಯಿ ತೆರೆಯುವ ಮೊದಲೇ ನನ್ನ ಪತ್ನಿ, 'ಬೇಕೇ ಬೇಕು' ಎಂದರು. ಆ ಬಿಲ್ಲಿನ ಮೊದಲೆರಡು ಅಂಕಿ 29.